ಕಂಪ್ಯೂಟರಿಗೆ ಟಿಕಳಿ ಇಟ್ಟ ಅತ್ತೆ

ಭಾಲ್ಕಿಯಲ್ಲಿರುವ ನಮ್ಮ ಸೋದರತ್ತೆ ಆಯುಷ್ಯದಲ್ಲಿ ಯಾರನ್ನೂ ಅನುಮಾನಿಸಿದವರಲ್ಲ, ತಮ್ಮ ಕಂಪ್ಯೂಟರೊಂದನ್ನು ಬಿಟ್ಟು. ಅವರ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಗುರುತಿಲ್ಲದವರು ಬಂದು ನೀರು ಕೇಳಿದರೆ ಒಳಗೆ ಕರೆದು ಕೂರಿಸಿ, ಅವರನ್ನೇ ಮನೆ ಕಾಯಲು ಬಿಟ್ಟು ಹಿತ್ತಲಿಗೆ ಹೋಗುತ್ತಾರೆ. ಒಮ್ಮೆ ತಮ್ಮ ಬಂಗಾರದ ಸರವನ್ನು ಯಾರದೋ ಮದುವೆಗೆ ಕೊಟ್ಟು, ಯಾರಿಗೆ ಕೊಟ್ಟೆನೆಂಬುದನ್ನೇ ಮರೆತಿದ್ದರು. ಇಂಥ ಅತ್ತೆ ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಸಾಕ್ಷಾತ್ ಫೌಜುದಾರರು!

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಅವರು ಈ ಕಂಪ್ಯೂಟರು ಕೊಂಡರು. ಕೊಂಡದ್ದು ಸರಿಯಾಗಿ ಬರಗಾಲದ ಹೊತ್ತಿಗೆ. ಮಳೆ ಮುಖ ತಿರುಗಿಸಿ ಎರಡನೆಯ ವರ್ಷ. ಔರಾದ ಕಡೆಯ ಹೊಲಗಳ ಮಣ್ಣೆಲ್ಲ ಗಾಳಿಯಲ್ಲಿ ತೇಲಿ ಬಂದು ಭಾಲ್ಕಿಯ ಮನೆಗಳೊಳಗೆ ಇಳಿಯುತ್ತಿತ್ತು. ನಾನಾಗ ಬೀದರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೆ. ಅಲ್ಲಿ ಕಂಪ್ಯೂಟರು ಇತ್ತೆಂಬ ಒಂದೇ ಕಾರಣಕ್ಕೆ ನಾನು ಮನೆತನದ ಕಂಪ್ಯೂಟರ್ ಡಾಕ್ಟರಾಗಿದ್ದೆ. ಹೀಗಾಗಿ ಭಾನುವಾರಗಳು ಬೀದರ–ಭಾಲ್ಕಿ ಬಸ್ಸಿನಲ್ಲೇ ಕಳೆಯುತ್ತಿದ್ದವು.

ಒಂದು ಭಾನುವಾರ ಹೋದಾಗ ಅತ್ತೆ, ಕಂಪ್ಯೂಟರಿಗೆ ಜ್ವರ ಬಂದಿದೆಯೆಂದೂ, ಸ್ವಲ್ಪ ಹೊತ್ತು ಕೆಲಸ ಮಾಡಿ ಮೂರ್ಛೆ ಹೋಗುತ್ತದೆಯೆಂದೂ ಹೇಳಿದರು. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಒಳಗಿನ ಸಣ್ಣ ಫ್ಯಾನು ಕಾಣುತ್ತಲೇ ಇಲ್ಲ, ಅಷ್ಟು ಧೂಳು. ಬಿತ್ತಿದ್ದರೆ ಒಂದು ಪಸಲು ತೊಗರಿ ಬರುತ್ತಿತ್ತು. ಕರೆಂಟಿನ ಪಿನ್ನು ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಗಾಳಿ ಊದಿ ತೋರಿಸಿದೆ. ಜ್ವರ ಇಳಿಯಿತು.

ಅಂದಿನಿಂದ ವಾರಕ್ಕೊಮ್ಮೆ ಕಂಪ್ಯೂಟರಿಗೆ ಅಭ್ಯಂಜನ ಶುರುವಾಯಿತು. ಟ್ಯಾಂಕರಿನ ನೀರಿಗೆ ಕೊಡ ಸಾಲಿಟ್ಟು ಕಾಯುವ ಕಾಲ. ಮನೆಯಲ್ಲಿ ದಿನ ಬಿಟ್ಟು ದಿನ ಸ್ನಾನ. ಮಾವ, ಅಂದರೆ ಅತ್ತೆಯ ಯಜಮಾನರು, ಕಡಿಮೆ ಮಾತಿನ ಮನುಷ್ಯ. ಅವರು ಬಾಗಿಲಲ್ಲಿ ನಿಂತು ಈ ಸೇವೆಯನ್ನು ನೋಡಿ, ಮುಂದಿನ ಜನ್ಮದಲ್ಲಿ ತಾವೂ ಕಂಪ್ಯೂಟರಾಗಿ ಹುಟ್ಟಬೇಕೆಂದಿರುವುದಾಗಿ ನನ್ನ ಕಿವಿಯಲ್ಲಿ ಹೇಳಿದರು.

ಹೊರಗಿನ ಧೂಳು ಹೋಯಿತು. ಒಳಗಿನ ಕಳ್ಳರ ಗತಿ? ಪರದೆಯ ಮೇಲಿನ ಸಣ್ಣ ಕ್ಯಾಮೆರಾದ ಮೂಲಕ ದೂರ ಕೂತವರೂ ಮನೆಯೊಳಗೆ ಇಣುಕಬಹುದೆಂದು ನಾನು ಮಾತಿಗೆ ಹೇಳಿದ್ದೆ. ಮುಂದಿನ ವಾರ ಹೋದರೆ ಕ್ಯಾಮೆರಾದ ಕಣ್ಣಿನ ಮೇಲೆ ಹಣೆಗಿಡುವ ದುಂಡನೆಯ ಕೆಂಪು ಟಿಕಳಿ! ಕಂಪ್ಯೂಟರು ಆಗತಾನೇ ಮದುವೆಯಾದ ಸೊಸೆಯಂತೆ ಕಾಣುತ್ತಿತ್ತು. ಯಾರೊಡನಾದರೂ ಮುಖ ನೋಡಿ ಮಾತನಾಡುವಾಗ ಅತ್ತೆ ಆ ಟಿಕಳಿ ತೆಗೆದು ತಮ್ಮ ಕೈಬಳೆಗೆ ಅಂಟಿಸಿಕೊಳ್ಳುವರು. ಮಾತು ಮುಗಿದ ಕ್ಷಣವೇ ವಾಪಸು. ತೆಗೆಯಲು ಮರೆತ ದಿನ ಹೈದರಾಬಾದಿನ ನೆಂಟರು ಬರೀ ಕತ್ತಲೆಯ ಜೊತೆ ಮಾತನಾಡಿ, ಭಾಲ್ಕಿಯಲ್ಲಿ ಕರೆಂಟೂ ಹೋಯಿತೇ ಎಂದು ಮರುಗಿದರು.

ಪಾಸ್‌ವರ್ಡಿನದು ಇನ್ನೊಂದು ಕಥೆ. ಹೆಸರು, ಹುಟ್ಟಿದ ದಿನ ಇಡಬೇಡಿ, ಯಾರೂ ಊಹಿಸಲಾಗದ್ದು ಇರಲಿ ಎಂದಿದ್ದೆ. ಅತ್ತೆ ತಮ್ಮ ಬಾಯಿಂದ ಎಂದೂ ಬಂದಿರದ ಒಂದು ಬೈಗುಳ ಆರಿಸಿಕೊಂಡರು. ಎಷ್ಟು ಭದ್ರವೆಂದರೆ ಮಾವನಿಗೂ ಹೇಳುವಂತಿಲ್ಲ. ಮರೆತರೆ ನೆನಪಿಸಲು ಕಂಪ್ಯೂಟರು, ನೀವು ಮೊದಲು ಕಲಿತ ಶಾಲೆ ಯಾವುದು ಎಂದು ಕೇಳಿತು. ಅತ್ತೆ ನನ್ನ ಮುಖ ನೋಡಿದರು.

“ನಾ ಭಾತಂಬ್ರಾ ಸಾಲ್ಯಾಗ ಕಲ್ತಿದ್ದು ಅರ್ಧ ಭಾಲ್ಕಿಗಿ ಗೊತ್ತದ. ಅದು ಹ್ಯಾಂಗ ಗುಟ್ಟಾಗ್ತದ?”

ಹಾಗೆಂದವರೇ ಉತ್ತರದ ಜಾಗದಲ್ಲಿ ‘ನಿನಗ್ಯಾಕ ಬೇಕು’ ಎಂದು ಬಡಿದರು. ಕಂಪ್ಯೂಟರು ಮರುಮಾತಿಲ್ಲದೆ ಒಪ್ಪಿಕೊಂಡಿತು.

ಇವೆಲ್ಲ ನಮಗೆ ನಗುವ ಸಂಗತಿಗಳಾಗಿದ್ದವು, ಕಲಾವತಿಯ ಪ್ರಸಂಗ ಬರುವವರೆಗೆ.

ಕಲಾವತಿ ಔರಾದ ತಾಲೂಕಿನ ಹಳ್ಳಿಯವಳು. ಆ ವರ್ಷ ಊರಲ್ಲಿ ಕೆಲಸವಿಲ್ಲದೆ ಗಂಡ ಪುಣೆಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ. ಅವಳು ಮಗಳ ಶಾಲೆಗೆಂದು ಅತ್ತೆಯ ಮನೆಯ ಪಕ್ಕದಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಮಾಡಿಕೊಂಡಿದ್ದಳು. ಸ್ಟೇಷನ್ ಕಡೆಯ ಇಂಟರ್ನೆಟ್ ಅಂಗಡಿಗೆ ಹೋಗಿ ಗಂಡನಿಗೆ ಸಂದೇಶ ಬರೆಯುವಳು, ಅವನು ಬರೆದದ್ದು ಓದಿ ಬರುವಳು. ಒಂದು ದಿನ ಕಾಯಿಪಲ್ಲೆ ಸಂತೆಯಲ್ಲಿ ಓಣಿಯ ಪುಂಡನೊಬ್ಬ ಎಲ್ಲರ ಮುಂದೆ, ಗಿಣಿಹಸಿರು ಸೀರೆ ಉಡುವುದು ಯಾವಾಗ ಎಂದು ಕೇಳಿ ನಕ್ಕನಂತೆ. ಗಿಣಿಹಸಿರು ಸೀರೆಯ ಮಾತು ಗಂಡ ಅವಳೊಬ್ಬಳಿಗೇ ಬರೆದದ್ದು. ಅವಳು ಪಲ್ಲೆ ಕೊಳ್ಳದೆ ಮನೆಗೆ ಬಂದಳು. ಗಂಡನೇ ಗೆಳೆಯರೆದುರು ಹೇಳಿ ನಗುತ್ತಿದ್ದಾನೆಂದು ತಿಳಿದು ಅವನೊಡನೆ ಮಾತು ಬಿಟ್ಟಳು. ಅವನಿಗೆ ಕಾರಣ ತಿಳಿಯದು. ಫೋನ್ ಮಾಡಿದರೆ ಎತ್ತಳು. ಕೋಣೆ ಬಿಟ್ಟು, ಮಗಳ ಶಾಲೆ ಬಿಡಿಸಿ ಊರಿಗೆ ಹೊರಡುವ ತಯಾರಿ ನಡೆಸಿದ್ದಳು.

ಗಂಟು ಕಟ್ಟುವುದನ್ನು ಕಂಡು ಅತ್ತೆ ವಿಚಾರಿಸಿದರು. ಅವಳು ಅತ್ತು ಎಲ್ಲ ಹೇಳಿದಳು. ಅತ್ತೆ ಸಮಾಧಾನದ ಮಾತೇನೂ ಆಡಲಿಲ್ಲ. ಬರೆದಾದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ನಿನ್ನ ಖಾತೆ ಮುಚ್ಚಿ ಏಳುತ್ತಿದ್ದೆಯಾ ಎಂದು ಕೇಳಿದರು. ಮುಚ್ಚುವುದು ಅಂತ ಒಂದಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಆ ಭಾನುವಾರ ನಾನೂ ಇದ್ದೆ. ಮೂವರೂ ಅಂಗಡಿಗೆ ಹೋದೆವು. ಅವಳು ಎಂದಿನಂತೆ ಕೂರುತ್ತಿದ್ದ ಮೂಲೆಯ ಕಂಪ್ಯೂಟರಿನ ಮುಂದೆ ಅತ್ತೆ ಕೂತು ತೆರೆದರೆ, ಯಾರು ನೀವು ಎಂದೂ ಕೇಳದೆ ಅದು ಕಲಾವತಿಯ ಸಂದೇಶಗಳನ್ನೆಲ್ಲ ಹರಡಿಬಿಟ್ಟಿತು. ಆ ಪುಂಡ ಓದಿದ್ದು ಹೀಗೆ. ಅತ್ತೆ ಓದಲಿಲ್ಲ. ಸೆರಗೆತ್ತಿ ಪರದೆಯನ್ನೇ ಮುಚ್ಚಿ, ಮುಖ ಗೋಡೆಗೆ ತಿರುಗಿಸಿ, “ಕಲಾವತಿ, ನೀನೇ ಕೂಡು” ಎಂದರು. ಅವಳನ್ನೇ ಕೂರಿಸಿ ತೆರೆದಿದ್ದ ಕಡೆಯೆಲ್ಲ ಖಾತೆ ಮುಚ್ಚಿಸಿ, ಪಾಸ್‌ವರ್ಡು ಬದಲಿಸಿ, ನೆನಪಿಟ್ಟುಕೊಳ್ಳಲೇ ಎಂದು ಕಂಪ್ಯೂಟರು ಕೇಳಿದಾಗ ಬೇಡ ಎನ್ನುವುದನ್ನು ನಾನು ಕಲಿಸಿದೆ.

ಅಂಗಡಿಯವನು, ಜನ ಹಾಗೇ ಎದ್ದು ಹೋಗುತ್ತಾರೆ, ತಾನೇನು ಮಾಡಲಿ ಎಂದು ರಾಗ ಎಳೆದ. ಅತ್ತೆ ಗಣಿತದ ತರಗತಿಯ ದನಿಯಲ್ಲಿ, “ಮಂದಿ ಮನಿ ಬಾಗಿಲಾ ತೆರದದ ಅಂತ ಒಳಗ ಹೊಕ್ಕವನ ತಪ್ಪು ಬ್ಯಾರೆ. ಹಾಕ್ಕೊಂಡು ಹೋಗ್ರಿ ಅಂತ ಹೇಳೋದು ನಿನ್ನ ಕೆಲಸ” ಎಂದರು. ಅವನು ಮರುದಿನವೇ ಬೋರ್ಡು ಬರೆಸಿದ: ‘ಏಳುವ ಮುನ್ನ ನಿಮ್ಮ ಬಾಗಿಲು ಮುಚ್ಚಿಕೊಂಡು ಹೋಗಿ.’ ಜನ ಶ್ರದ್ಧೆಯಿಂದ ಓದಿ, ಹೋಗುವಾಗ ಅಂಗಡಿಯ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಂಡು ಹೋಗತೊಡಗಿದರು. ಆ ಬಿಸಿಲಲ್ಲಿ ಒಳಗೆ ಬೆಂದ ಅಂಗಡಿಯವನು ಕೊನೆಗೆ ಒಬ್ಬೊಬ್ಬರಿಗೂ ಕಂಪ್ಯೂಟರಿನ ಬಾಗಿಲು ಯಾವುದೆಂದು ತಾನೇ ತೋರಿಸತೊಡಗಿದ.

ಅದಾದ ಮೇಲಿನ ಭಾನುವಾರ ಹೋದರೆ ಅತ್ತೆ, ಮಾವ ಇಬ್ಬರೂ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆ, ನಡು ಮಧ್ಯಾಹ್ನ. ಎಂದೂ ಮುಚ್ಚದ ಆ ಮನೆಯ ಬಾಗಿಲು ಮುಚ್ಚಿದೆ. ಒಳಗೆ ಕಲಾವತಿ, ಅತ್ತೆಯ ಕಂಪ್ಯೂಟರಿನಲ್ಲಿ ಗಂಡನ ಮುಖ ನೋಡುತ್ತ ಮಾತನಾಡುತ್ತಿದ್ದಾಳೆ ಎಂದರು. ಮೊದಲು ಬಹಳ ಹೊತ್ತು ಅಳು ಕೇಳಿತಂತೆ. ನಾನು ಕೂತ ಮೇಲೆ ಒಳಗಿನಿಂದ ನಗು ಕೇಳಿತು.

ಇಷ್ಟು ಬಿಸಿಲಲ್ಲಿ ಹೊರಗೇಕೆ, ಒಳಮನೆಯಲ್ಲಿ ಕೂರಬಹುದಲ್ಲ ಎಂದೆ. ಅಲ್ಲಿಗೆ ಮಾತು ಕೇಳಿಸುತ್ತದೆ ಎಂದರು ಅತ್ತೆ. ಆಮೇಲೆ, ಯಾರೂ ಕೇಳದಿದ್ದರೂ, ಬೀದಿಯ ಕಡೆ ನೋಡುತ್ತ ಹೇಳತೊಡಗಿದರು.

ಅವರ ಮದುವೆಯಾದ ಹೊಸತರಲ್ಲೂ ಒಂದು ಬರ ಬಿದ್ದಿತ್ತಂತೆ. ಮಾವ ಹೈದರಾಬಾದಿಗೆ ಹೋಗಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತರು. ಅತ್ತೆ ಠಾಣಾ ಕುಶನೂರಿನ ಗಂಡನ ಮನೆಯಲ್ಲಿ. ಅವರ ಓಣಿಗೆಲ್ಲ ಫೋನ್ ಇದ್ದದ್ದು ಕಿರಾಣಿ ಅಂಗಡಿಯಲ್ಲಿ ಮಾತ್ರ. ಮಾವನ ಕರೆ ಬಂದರೆ ಅತ್ತೆಯ ಜೊತೆ ಮನೆಮಂದಿ, ನೆರೆಮನೆಯವರು ಎಲ್ಲರೂ ಹೋಗುವರು. ಲೈನು ಸರಿಯಿಲ್ಲದ್ದರಿಂದ ಅಂಗಡಿಯವನೇ ಕೇಳಿಸಿಕೊಂಡು ಕೂಗಿ ಹೇಳುವನು. ಅತ್ತೆ ಬಾಯಿ ತೆರೆಯುವ ಮುಂಚೆ ಅಂಗಡಿಯ ಗಿರಾಕಿಗಳೇ ಉತ್ತರ ಕೊಡುವರು.

“ಅಷ್ಟು ಮಂದಿ ಮುಂದ ಏನ್ ಮಾತಾಡ್ಲಿ? ಊಟ ಆತೇನ್ರಿ ಅಂತಿದ್ದೆ. ಇವರೂ ಅದೇ ಕೇಳ್ತಿದ್ರು. ಪೂರಾ ಬರಗಾಲ ಅದರಾಗೇ ಹೋಯ್ತು.”

ನಾನು ನಕ್ಕೆ. ಅತ್ತೆಯೂ ನಕ್ಕರು. ಮಾವ ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

“ನಾ ಆವಾಗ ಬ್ಯಾರೆ ಒಂದು ಮಾತು ಕೇಳ್ಬೇಕಂತ ಮಾಡಿದ್ದೆ” ಎಂದರು ಮೆಲ್ಲಗೆ.

ಅತ್ತೆ ತಿರುಗಿ ನೋಡಿದರು. “ಏನ್ರಿ ಅದು?”

ಮಾವ ಅತ್ತೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಟ್ಯಾಂಕರ್ ಬಂತೇನೋ ನೋಡಿ ಬರುತ್ತೇನೆಂದು ನಾನು ಎದ್ದೆ. ಭಾನುವಾರ ಟ್ಯಾಂಕರ್ ಬರುವುದಿಲ್ಲವೆಂಬುದು ಮೂವರಿಗೂ ಗೊತ್ತಿತ್ತು, ಯಾರೂ ತಡೆಯಲಿಲ್ಲ. ಓಣಿಯ ತುದಿಯ ಬೇವಿನ ಮರದ ಕೆಳಗೆ ಹೋಗಿ, ಅವರ ಕಡೆಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತಿದ್ದೆ.