ಬಂದೆ, ಬಂದೆ, ಬಂದೆ

ಮೊಮ್ಮಕ್ಕಳೇ, ನಾನು ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಆದಕಾರಣ ಕಂಪ್ಯೂಟರ್ ಹಟ ಹಿಡಿದರೆ ಅದನ್ನು ದಾರಿಗೆ ತರುವ ಸಕಲ ಅರ್ಹತೆಯೂ ನನಗಿದೆ ಎಂದೇ ನಂಬಿದ್ದೆ.

ನಡೆದದ್ದು ಹೀಗೆ. ನಿಮ್ಮ ಅಕ್ಷತಾ ಅಕ್ಕನ ಕುಬಸ ಗೊತ್ತಾಯಿತು. ಬಸುರಿಗೆ ಹೊಸ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಬಳಗವನ್ನೆಲ್ಲ ಕರೆಯಬೇಕು. ಮೊದಲೆಲ್ಲ ಆ ಕೆಲಸ ನಿಮ್ಮ ಅಜ್ಜನದು. ಅವರು ಮುಂದೆ ನಿಂತು ಮಾತಾಡುವರು, ನಾನು ಅವರ ಬೆನ್ನ ಹಿಂದೆ ನಿಂತು ತಲೆಯಾಡಿಸುವೆ. ಈಗ ಆ ಬೆನ್ನಿಲ್ಲ. ಬಳಗದವರಿಗೆ ಫೋನು ಹಚ್ಚಿದರೆ ನನಗೆ ಮಾತೇ ಹೊರಡದು. ಅದರಲ್ಲೂ ಪಾರಿಶ್ವಾಡದ ಕಾಶವ್ವ! ಅಜ್ಜನ ಅಕ್ಕ, ಮನೆತನಕ್ಕೇ ಹಿರಿಯಳು. ಅವಳಿಗೆ ತಿಳಿಸದೆ ನಮ್ಮಲ್ಲಿ ಯಾರನ್ನೂ ಕರೆಯುವಂತಿಲ್ಲ. ಅವಳು ಸಿಟ್ಟಾಗಿ ಬರದಿದ್ದರೆ ಅಕ್ಷತಾಳ ಉಡಿಗೆ ಮೊದಲ ಅಕ್ಕಿ ಹಾಕುವವರು ಯಾರು?

ನನ್ನ ಸಂಕಟ ಕಂಡು, ಬೆಳಗಾವಿಯಲ್ಲಿ ಕಂಪ್ಯೂಟರ್ ಓದುತ್ತಿರುವ ಮೊಮ್ಮಗಳು ಸಹನಾ ಖಾನಾಪುರದ ನನ್ನ ಮನೆಗೆ ಬಂದಾಗ ಕಂಪ್ಯೂಟರಿನಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಅದು ಮಾಡಬೇಕಾದ ಕೆಲಸಗಳ ಪಟ್ಟಿ, ಬರೆದಿಟ್ಟು ಹೋದಳು. ಗುಂಡಿ ಒತ್ತಿದರೆ ಎಲ್ಲರ ಫೋನಿಗೂ ಕರೆಯೋಲೆ ಹೋಗಬೇಕು. ಅದರೊಳಗೆ ಸಬ್‌ರೂಟೀನ್ ಎಂಬ ಆಳುಗಳು. ಕರೆದರೆ ಬರುತ್ತಾರೆ, ಕೆಲಸ ಮುಗಿಸಿ ಕರೆದವರ ಹತ್ತಿರ ಮರಳುತ್ತಾರೆ. ಓಲೆ ಒಯ್ಯುವ ಆಳಿಗೆ ಸಹನಾ ನಮ್ಮ ಮನೆತನದ ರೀತಿಯನ್ನೇ ಕಲಿಸಿದ್ದಳು: ಯಾರನ್ನೇ ಕರೆಯಲಿ, ಮೊದಲು ಅವರ ಹಿರಿಯರನ್ನು ಕರೆದು ಬಾ. ಯಾರಿಗೆ ಯಾರು ಹಿರಿಯರು ಎಂದು ತುಂಬುವ ಭಾರ ಮಾತ್ರ ನನ್ನದು. ತುಂಬಿದೆ. ಒತ್ತಿದೆ. ಯಾರಿಗೂ ಓಲೆ ಹೋಗಲಿಲ್ಲ!

ಸಹನಾಳಿಗೆ ಫೋನು ಮಾಡಿದೆ.

"ಆಳು ಎಲ್ಲೋ ಸಿಕ್ಕೊಂಡಾನ ಅಜ್ಜಿ. ಒಳಗ ಬರೂವಾಗ ಒಂದು ಮಾತು, ಹೊರಗ ಹೋಗೂವಾಗ ಒಂದು ಮಾತು ಪರದೆ ಮ್ಯಾಲ ಬರೂಹಂಗ ಮಾಡಿದ್ರ ಎಲ್ಲಿ ಅಂತ ತಿಳೀತೈತಿ. ಸಂಜೀಕ ನಾ ಬರ್ತೇನಿ. ಅಲ್ಲೀತನಾ ಮುಟ್ಟಬ್ಯಾಡ."

ಎರಡು ಮಾತು ಬರೆಯಲು ಸಂಜೆಯವರೆಗೆ ಕಾಯುವುದೇ? ನಮ್ಮಲ್ಲಿ ಕರೆದರೆ "ಬಂದೆ" ಅನ್ನುತ್ತೇವೆ, ಹೊರಡುವಾಗ "ಹೋಗಿ ಬರ್ತೇನಿ" ಅನ್ನುತ್ತೇವೆ. ಆಳಿಗೂ ಅದೇ ಮರ್ಯಾದೆ ಕಲಿಸಿದೆ. ಹೊಸ ಸಾಲು ಬರೆದರೆ ತಪ್ಪೀತೆಂದು ಅಲ್ಲೇ ಇದ್ದ ಒಂದು ಸಾಲನ್ನು ನಕಲು ಮಾಡಿ, ಒಳಗಿನ ಮಾತನ್ನಷ್ಟೇ ಬದಲಿಸಿದೆ. ಒತ್ತಿದೆ. ಪರದೆ ಮೌನ! ನಾನು ಒಗ್ಗರಣೆ ಹಾಕಲು ಎದ್ದು ಹೋದೆ.

ನಾನು ನಕಲು ಮಾಡಿದ್ದು ಪರದೆಗೆ ಬರೆಯುವ ಸಾಲಲ್ಲ. ಫೋನಿಗೆ ಕಳಿಸುವ ಸಾಲು!

ಮಧ್ಯಾಹ್ನ ಫೋನು ಬಡಿದುಕೊಂಡಿತು. ಕಾಶವ್ವ.

"ಗಂಗವ್ವಾ, ಎಲ್ಲಿ ಅದಿ?"

"ಮನ್ಯಾಗ ಅದೇನ್ರೀ ಅಕ್ಕಾರ."

"ಮನ್ಯಾಗ? ಹಂಗಾರ ಮುಂಜಾನಿಂದ ನನ್ನ ಫೋನಿನ್ಯಾಗ 'ಬಂದೆ, ಬಂದೆ, ಬಂದೆ' ಅಂತ ಒದರಾಕತ್ತಾಕಿ ಯಾರು? ಬಂದೇ ಬಿಟ್ಟಳು ಅಂತ ಬ್ಯಾಳಿ ಕುದಿಸಿದೆ, ಹೋಳಿಗಿ ಮಾಡಿದೆ, ಬಸ್‌ಸ್ಟ್ಯಾಂಡಿನ ತನಕಾ ಹೋಗಿ ನೋಡಿದೆ. ಬರೂದ ಇಲ್ಲ! ಇಷ್ಟು ವರ್ಷ ಬಾಯಿ ಬಿಡದಾಕಿ, ಇವತ್ತ ಬಿಟ್ಟರ ಮುಚ್ಚವಲ್ಲಿ!"

ನಾನು ಗಾಬರಿಯಾಗಿ ಕಂಪ್ಯೂಟರಿನ ವೈರು ಕಿತ್ತೆ. ಅತ್ತ ಕಾಶವ್ವನ ಫೋನು ಟುಂಯ್ ಟುಂಯ್ ಅನ್ನುತ್ತಲೇ ಇತ್ತು. ಕೂಡಲೇ ಸಹನಾಳಿಗೆ ಫೋನು ಮಾಡಿ ಹೇಳಿದೆ.

"ಅದರಾಗ ಬ್ಯಾಟರಿ ಐತಿ ಅಜ್ಜಿ! ವೈರು ಕಿತ್ತರ ನಿಲ್ಲತೈತೇನು? ಪರದೆ ಮ್ಯಾಲಿನ ಕೆಂಪು ಗುಂಡಿ ಒತ್ತು!"

ನಿಂತಿತು. ಏನೇನು ಹೋಗಿದೆ ನೋಡು ಅಂದಳು. ನೋಡಿದೆ. ಪಟ್ಟಿಯಲ್ಲಿ ಮೊದಲಿದ್ದ ಲೋಂಡಾದ ಮೈದುನನಿಗೆ ಒಂದು "ಬಂದೆ". ಆಮೇಲಿನವೆಲ್ಲ ಅವನ ಹಿರಿಯಳಾದ ಕಾಶವ್ವನಿಗೆ.

"'ಹೋಗಿ ಬರ್ತೇನಿ' ಎಷ್ಟದಾವು?"

"ಒಂದೂ ಇಲ್ಲವ್ವಾ."

ಸಹನಾ ನಗತೊಡಗಿದಳು. "ಹಂಗಾರ ಆಳು ಕಾಶಜ್ಜಿ ಮನಿ ಹೊಕ್ಕಾವ ಹೊರಗ ಬಂದಿಲ್ಲ. ಕಾಶಜ್ಜಿಗಿ ಹಿರಿಯರು ಯಾರಂತ ಬರದೀ?"

"ಆಕಿಗಿಂತ ಹಿರಿಯರು ಯಾರದಾರ? ಕಾಶವ್ವ ಅಂತನ ಬರದೆ."

"ಖಾಲಿ ಬಿಡಬೇಕಿತ್ತು ಅಜ್ಜಿ!"

"ಹಿರಿಯಾಕಿ ಹೆಸರಿನ ಬಾಜು ಖಾಲಿ ಬಿಡಾಕಾಗತೈತೇನು? ಆಕಿ ಏನ ತಿಳಕೊಂಡಾಳು?"

"ಕಾಶಜ್ಜಿನ್ನ ಕರಿಯಾಕ ಮೊದಲ ಕಾಶಜ್ಜಿನ್ನ ಕರೀಬೇಕು. ಅದಕ್ಕೂ ಮೊದಲ ಮತ್ತ ಆಕಿನ್ನ ಕರೀಬೇಕು! ಮುಗಿಯೂದು ಎಂದು?"

ಕಾಶವ್ವನ ಬದಿಯ ಜಾಗ ಖಾಲಿ ಮಾಡಿದೆ. ಈಗ ಗುಂಡಿ ಒತ್ತಿದರಾಯಿತು. ಆದರೆ ಬೆರಳು ಏಳಲಿಲ್ಲ. ಪಾರಿಶ್ವಾಡದಲ್ಲಿ ಹೋಳಿಗೆ ಆರುತ್ತಿತ್ತು. ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದೆ.

ಕಾಶವ್ವ ಹೊಸ್ತಿಲಲ್ಲೇ ನಿಂತಿದ್ದಳು. ನನ್ನ ಮುಂದೆ ಯಾವ ಬೆನ್ನೂ ಇರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಅಕ್ಕಾರ, ಅಕ್ಷತಾನ ಕುಬಸ ಐತ್ರಿ. ಎಲ್ಲಾರಕಿಂತ ಮೊದಲ ನಿಮ್ಮನ್ನ ಕರಿಯಾಕ ಬಂದೇನ್ರಿ. ನೀವ ಬಂದು ಉಡಿ ತುಂಬಬೇಕ್ರಿ."

ಕಾಶವ್ವ ಕೈ ಹಿಡಿದು ಒಳಗೆ ಕರೆದೊಯ್ದು ಮಣೆ ಹಾಕಿದಳು.

"ನಿನ್ನ ಬಾಯಿಲೆ ಇಷ್ಟುದ್ದ ಮಾತು ಕೇಳಿದ್ದು ಇದ ಮೊದಲ. ನನ್ನ ತಮ್ಮ ಇದ್ದಿದ್ರ ಬೆರಗಾಗ್ತಿದ್ದ. ಬರ್ತೇನಿ. ಕುಂದರು ಮದಲ."

ಹೋಳಿಗೆ ಬಡಿಸಿ ಅಂಗೈಯಗಲ ತುಪ್ಪ ಸುರಿದಳು. ಹೊತ್ತು ಇಳಿಯಿತು. "ಹೋಗಿ ಬರ್ತೇನ್ರಿ" ಎಂದು ಎದ್ದೆ. "ಹೋಳಿಗಿ ಇನ್ನೂ ಅದಾವ, ಕುಂದರು" ಎಂದಳು. ಮತ್ತೆ ಎದ್ದೆ. ಮತ್ತೆ ಕೂತೆ. ಅಷ್ಟರಲ್ಲಿ ಸಹನಾಳ ಫೋನು.

"ಅಜ್ಜಿ, ಖಾನಾಪುರದಾಗ ಬಾಗಿಲ ಮುಂದ ನಿಂತೇನಿ. ಕೀಲಿ ಹಾಕೇತಿ! ಒಳಗ ಕಂಪ್ಯೂಟರ್, ಯಾರಿಗೂ ಓಲೆ ಹೋಗಿಲ್ಲ. ಎಲ್ಲಿ ಅದಿ ನೀ?"

ಹೋಳಿಗೆ ತುಂಬಿದ ಬಾಯಲ್ಲಿ ನನಗೆ ಹೇಳಲು ಬಂದದ್ದು ಒಂದೇ ಮಾತು.

"ಬಂದೆ!"

ಕಾಶವ್ವ ಇನ್ನೊಂದು ಹೋಳಿಗೆ ಹಾಕಿದಳು. ಹೊರಗೆ ಕೊನೆಯ ಬಸ್ಸು ಹೊರಟುಹೋಯಿತು.