ಹೂ ಚಿವುಟುವ ಮಾವ

ನಮ್ಮ ಸೋದರಮಾವ ಹಾನಗಲ್ಲಿನಲ್ಲಿ ನರ್ಸರಿ ಇಟ್ಟಿರುವುದು ಗಿಡ ಮಾರಲಿಕ್ಕಲ್ಲ, ಗಿರಾಕಿಗಳನ್ನು ಬೈಯಲಿಕ್ಕೆ! ಬೈಸಿಕೊಂಡ ಮೇಲೂ ನಿಂತಿದ್ದರೆ ಒಂದು ಗಿಡ ಕೊಡುತ್ತಾನೆ, ಅದೂ ಮಗಳನ್ನು ಧಾರೆ ಎರೆದು ಕೊಡುವವನ ಮುಖ ಮಾಡಿಕೊಂಡು.

ಮಾವಿನ ಸೀಮೆಯಲ್ಲಿ ಕೂತು ಈ ಪುಣ್ಯಾತ್ಮ ಕಸಿ ಕಟ್ಟುವುದು ಸೇಬು! ನಮ್ಮ ಬಿಸಿಲಿಗೆ ಒಗ್ಗುವ ತಳಿಯಂತೆ. ಹಿರೇಕೆರೂರಿನಿಂದ ಬಂದವರೊಬ್ಬರು, ಪಾಪ, "ಇಲ್ಲಿ ಸೇಬು ಹಿಡೀತಾವೇನ್ರಿ?" ಎಂದು ಕೇಳಿದ್ದೇ ತಪ್ಪಾಯಿತು.

"ಹಿಡೀತಾವ್ರಿ. ಅನುಮಾನದ ಮಂದಿ ಕೈಯಾಗ ಹಿಡಿಯಂಗಿಲ್ಲ. ನಡೀರಿ ಇನ್ನ!"

ಮಾರಿದ ಮೇಲಾದರೂ ಸುಮ್ಮನಿರಬೇಕೋ ಬೇಡವೋ? ಒಮ್ಮೆ ಬಸ್ಸು ಹಿಡಿದು ಹತ್ತಿಮತ್ತೂರಿಗೆ ಹೋಗಿ, ತಾನು ಕೊಟ್ಟ ಗಿಡ ಹೇಗಿದೆಯೆಂದು ನೋಡಿದ. ಕಸಿಯ ಗಂಟಿನ ಕೆಳಗೆ, ಬೇರಿಗೆಂದು ಬಳಸಿದ ಕಾಡುಗಿಡದ ಚಿಗುರು ಎದೆಯೆತ್ತರ ಬೆಳೆದು, ಮೇಲಿನ ಅಸಲಿ ಸೇಬು ಒಣಗಿ ಕಡ್ಡಿಯಾಗಿತ್ತು. ಮನೆಯವರು ಆ ಕಾಡುಚಿಗುರಿಗೇ ದೃಷ್ಟಿಯಾಗದಿರಲೆಂದು ಹಳೇ ಚಪ್ಪಲಿ ಕಟ್ಟಿದ್ದರು! ಮಾವ ಚಪ್ಪಲಿ ಸಮೇತ ಕತ್ತರಿಸಿ ಒಗೆದ.

"ನಮ್ಮ ಹೊಲಕ್ಕ ಬಂದು ನಮ್ಮ ಗಿಡಾ ಕಡೀತಿಯೇನೋ?" ಎಂದು ಮನೆಯೊಡತಿ ಕೂಗಿದಳು.

"ಸಾಕಿದ್ದು ಯಾರನ್ನ, ಉಪವಾಸ ಕೆಡವಿದ್ದು ಯಾರನ್ನ? ಕಣ್ಣಿಲ್ಲೇನ ನಿಮಗ?" ಎಂದು ಈತ. ಕೊನೆಗೆ ಅಲ್ಲೇ ಚಹಾ ಕುಡಿದನಂತೆ, ಕುಡಿಯುತ್ತಲೂ ಬೈದನಂತೆ.

ಇದನ್ನೆಲ್ಲ ನಗುತ್ತ ಹೇಳುತ್ತಿದ್ದ ನಾನೇ ಈ ವರ್ಷ ಕೆಂಡಾಮಂಡಲವಾದೆ. ಶಿಗ್ಗಾವಿಯ ನಮ್ಮ ಹಿತ್ತಲಲ್ಲೂ ಆತನೇ ನೆಟ್ಟ ಸೇಬಿದೆ. "ಎಳೀ ಗಿಡಕ್ಕ ಕಾಯಿ ಹೊರಿಸಿದ್ರ ಸಾಯ್ತೈತಿ" ಎಂದು ಪ್ರತಿ ವರ್ಷ ಬಂದು ಹೂವನ್ನೆಲ್ಲ ಚಿವುಟಿ ಹೋಗುತ್ತಿದ್ದ. ಈ ಸಲ ನಮ್ಮವ್ವ, ಆತನಿಗಿರುವ ಒಬ್ಬಳೇ ಅಕ್ಕ, ಹಾಸಿಗೆ ಹಿಡಿದಿದ್ದಳು. ಕಿಟಕಿಯಿಂದ ಹೂ ನೋಡಿ, "ನಮ್ಮ ಗಿಡದ್ದ ಒಂದ ಹಣ್ಣು ತಿಂದು ಹೋಗ್ತೇನಿ" ಎಂದಿದ್ದಳು. ಮುಂದಿನ ವರ್ಷದ ಮಾತನ್ನು ಡಾಕ್ಟರು ಆಡಿರಲಿಲ್ಲ.

ಮಾವ ಬಂದವನೇ ಚಾಕು ತೆಗೆದ. ನಾನು ಅಡ್ಡ ನಿಂತೆ.

"ಮುಟ್ಟಿದ್ರ ನೋಡು ಮಾಮಾ! ಅಕ್ಕಗಿಂತ ಗಿಡಾನ ದೊಡ್ಡದಾತೇನ ನಿನಗ?"

"ಸರೀ ಅತ್ಲಾಗ, ಮಂಗ್ಯಾ!"

ನನ್ನನ್ನು ತಳ್ಳಿ, ಅದೇ ಚಾಕುವಿನಿಂದ ಬಿದಿರಿನ ಗೂಟ ಕೆತ್ತಿ, ಎಳೆಯ ಕಾಂಡಕ್ಕೆ ಆಸರೆ ಕಟ್ಟಿದ. ಒಂದು ಹೂವನ್ನೂ ಚಿವುಟಲಿಲ್ಲ.

"ಎಲ್ಲಾ ಇರ್ಲಿ. ಯಾವ ಹೂವು ನಿಲ್ತೈತೋ ಏನೋ" ಎಂದ.

"ಗಿಡಾ ಸತ್ರ?" ಎಂದೆ.

"ಸತ್ರ ಸಾಯ್ಲಿ! ಇನ್ನೊಂದು ಕಸಿ ಕಟ್ತೇನಿ" ಎಂದು ಆಗಲೂ ಬೈಯುವ ದನಿಯಲ್ಲೇ ಹೇಳಿ, ಕಿಟಕಿಯ ಕಡೆ ನೋಡಿದ. "ಅಕ್ಕನ್ನ ಯಾವ ಬೇರಿಗೆ ಕಟ್ಲೋ?"