ಅನ್ನಪೂರ್ಣಾಳ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿರುವ ಕುರಿತು

ಇಂದ:
ಉದ್ದವ್ವ, ಕೂಲಿಯಾಳು, ಮಸಗುಪ್ಪಿ, ತಾ. ಮೂಡಲಗಿ
(ಬರೆದುಕೊಟ್ಟವಳು: ಮಗಳು ದೀಪಾ)

ಗೆ:
ಮಾಲಿಂಗಪ್ಪನವರು, ಅರಿಶಿಣ ಹೊಲದ ಮಾಲಕರು

ವಿಷಯ: ಕಸ ತೆಗೆಯುವಾಗ ಕಥೆ ಹೇಳಲು ಮರಳಿ ಪರವಾನಗಿ ಕೋರಿ.

ಉಲ್ಲೇಖ: ಹೋದ ಸೋಮವಾರ ಬದುವಿನ ಮೇಲೆ ನಿಂತು ತಾವು ಹೊರಡಿಸಿದ ಮೌಖಿಕ ಆದೇಶ: "ಇನ್ನ ಕಥಿ ಬಂದ್. ಉದ್ದವ್ವಾ, ನೀ ಕಡೀ ಸಾಲ ಹಿಡಿ."

ಮಾನ್ಯರೇ,

ಅರ್ಜಿದಾರಳು ನಡುವಿನ ಸಾಲು ಹಿಡಿದು ಕಥೆ ಹೇಳುತ್ತಿದ್ದಳು. ಹಿಂದುಳಿದರೆ ಕೇಳಿಸದೆಂದು ಎರಡೂ ಬದಿಯ ಎಂಟು ಹೆಂಗಸರು ಬಿರಬಿರನೆ ಕಸ ಕೀಳುತ್ತಿದ್ದರು. ಇದರಿಂದ ತಮಗೇನೂ ನಷ್ಟವಿರಲಿಲ್ಲ.

೧. ಕಥೆಯಲ್ಲಿ ಹುಕ್ಕೇರಿಯ ಸೊಸೆ ಅನ್ನಪೂರ್ಣಾ, ಅತ್ತೆಯ ಬಾಯಿಗೆ ಬೇಸತ್ತು, ಟ್ರಂಕು ಹಿಡಿದು ಗೋಕಾಕ ಬಸ್‌ಸ್ಟ್ಯಾಂಡಿಗೆ ಬಂದಳು. ಅಲ್ಲಿ ಎರಡು ಬಸ್ಸು. ಒಂದು ಮರಳಿ ಹುಕ್ಕೇರಿಗೆ, ಇನ್ನೊಂದು ಹೊಲಿಗೆ ಕೆಲಸ ಸಿಕ್ಕಿದ್ದ ಮೂಡಲಗಿಗೆ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಕಸ ಕೀಳುವ ಒಂಬತ್ತೂ ಕುರಪಿಗಳು ನಿಂತವು. ಅಷ್ಟು ಜಾಗದಲ್ಲಿ ಕಸ ಹಾಗೇ ಉಳಿಯಿತು. ತಪ್ಪು ಒಪ್ಪಿದೆ. ಯಾವ ಬಸ್ಸೆಂದು ಹೇಳುವಷ್ಟರಲ್ಲಿ ತಾವು ಬಂದಿರಿ.

೨. ಕಾರಣ, ಅನ್ನಪೂರ್ಣಾ ಆರು ದಿನಗಳಿಂದ ಹಾಗೇ ನಿಂತಿದ್ದಾಳೆ. ಟ್ರಂಕೂ ಕೆಳಗಿಟ್ಟಿಲ್ಲ.

೩. ಆದ್ದರಿಂದ ಹೊಲದಲ್ಲಿ ಎರಡು ಪಕ್ಷಗಳಾಗಿವೆ. "ಎಷ್ಟಂದ್ರೂ ಗಂಡನ ಮನಿ, ಹೊಳ್ಳಿ ಹೋಗಲಿ" ಎಂದು ಸಾತವ್ವ. "ಆ ಅತ್ತಿ ಕಡೆ ಮತ್ತ ಯಾಕ ಹೋಗ್ತಾಳವಾ, ತಲಿ ಕೆಟ್ಟೈತೇನ?" ಎಂದು ಸಾಯಿರಾಬಿ. ಈ ಜಗಳದಲ್ಲಿ ಮೊದಲಿಗಿಂತ ಹೆಚ್ಚು ಕಸ ಉಳಿಯುತ್ತಿದೆ.

೪. ಶುಕ್ರವಾರ ತಾವೇ ಕಡೆಯ ಸಾಲಿನವರೆಗೆ ನಡೆದು ಬಂದು, ಯಾರಿಗೂ ಕೇಳಿಸದಂತೆ, "ಆಕಿ ಯಾವ ಬಸ್ಸ ಹತ್ತತಾಳಬೇ?" ಎಂದು ವಿಚಾರಿಸಿದಿರಿ. "ನನಗೂ ಗೊತ್ತಿಲ್ರಿ ಸಾವ್ಕಾರ್ರ, ಹೇಳಿದಾಗ ಗೊತ್ತಾಕ್ಕೈತ್ರಿ" ಎಂದರೆ ತಾವು ನಂಬಲಿಲ್ಲ. ಆದರೆ ಅದು ಖರೆ. ಅನ್ನಪೂರ್ಣಾಳನ್ನು ಹುಟ್ಟಿಸಿದವಳು ಅರ್ಜಿದಾರಳೇ ಆದರೂ ಅವಳು ಹೇಳಿದ ಮಾತು ಕೇಳುವ ಪೈಕಿ ಅಲ್ಲ. ಬಾಯಿ ತೆರೆದ ಮೇಲಷ್ಟೇ ಅವಳ ಮುಂದಿನ ಹೆಜ್ಜೆ ಕಾಣುತ್ತದೆ. ಆ ಖುಷಿಗೇ ಅರ್ಜಿದಾರಳು ಎಲ್ಲರಿಗಿಂತ ಮೊದಲು ಹೊಲಕ್ಕೆ ಬರುತ್ತಿದ್ದಳು. ಕಡೆಯ ಸಾಲಿನಲ್ಲಿ ಒಬ್ಬಳೇ ಹೇಳಿಕೊಂಡೂ ನೋಡಿದಳು. ಕೇಳುವವರಿಲ್ಲದೆ ಅನ್ನಪೂರ್ಣಾ ಇನ್ನೊಂದು ಕಾಲು ಎತ್ತಲಿಲ್ಲ.

ಆದ್ದರಿಂದ ನಡುವಿನ ಸಾಲನ್ನು ಅರ್ಜಿದಾರಳಿಗೆ ಮರಳಿ ಕೊಡಬೇಕಾಗಿ ವಿನಂತಿ. ತಾವೂ ಕೇಳುವುದಾದರೆ ಬದುವಿನ ಮೇಲೆ ನಿಲ್ಲದೆ ಬಾಜೂ ಸಾಲು ಹಿಡಿಯಬೇಕು. ಬಸ್ಸು ಸೋಮವಾರ ಮುಂಜಾನೆ ಬಿಡುತ್ತದೆ.

ತಮ್ಮ ಹೊಲದ ವಿಶ್ವಾಸಿ,
ಉದ್ದವ್ವ

ಲಗತ್ತುಗಳು:
೧. ಬಸ್ಸು ನಿಂತ ಜಾಗದ ಕಸ, ಒಂದು ಹಿಡಿ.
೨. ಕುರಪಿ, ಒಂದು (ತಮ್ಮ ಬಳಕೆಗೆ).